ಬೆಂಕಿಯ ಕೊಳವೆಗೊಂದು ಕಡಿವಾಣ

ಮಾಘ ಮಾಸದ ಮೂಲಾ ನಕ್ಷತ್ರ ಸಮೀಪಿಸಿತೆಂದರೆ ಕೊಟ್ಟೂರಿನ ದಾರಿಗಳೆಲ್ಲ ಜನರಿಂದ ತುಂಬಿಹೋಗುತ್ತವೆ. ಶ್ರೀ ಗುರು ಬಸವೇಶ್ವರ ಸ್ವಾಮಿಯ ರಥೋತ್ಸವಕ್ಕೆಂದು ದಾವಣಗೆರೆಯ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವವರ ಸಾಲು ಹಗಲಿರುಳೆನ್ನದೆ ಸಾಗುತ್ತದೆ. ಊರೊಳಗೆ ಬೆಂಡು ಬತ್ತಾಸಿನ ಅಂಗಡಿಗಳು, ಬಳೆಗಾರರ ಕೂಗು, ಮಂಡಕ್ಕಿ ಮಿರ್ಚಿಯ ಘಮ. ಈ ಗದ್ದಲವನ್ನೆಲ್ಲ ಮೀರಿ ಕೇಳಿಬರುವುದು ಕಂಬದ ತುದಿಗೆ ಕಟ್ಟಿದ ಕಹಳೆಯಾಕಾರದ ಧ್ವನಿವರ್ಧಕದ ದನಿ. ಜಾತ್ರೆಯ ಜಂಗುಳಿಯಲ್ಲಿ ತಾಯಿಯ ಕೈ ತಪ್ಪಿದ ಮಗು ಮರಳಿ ತಾಯಿಯ ಮಡಿಲು ಸೇರುವುದು ಎಷ್ಟೋ ಸಲ ಆ ದನಿಯ ಪುಣ್ಯದಿಂದಲೇ.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೊಟ್ಟೂರು ಹಿಂದೆ ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಊರು. 1953ರಲ್ಲಿ ಆ ಸೀಮೆ ಮದರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಸರಿಸುಮಾರು ಆ ಕಾಲದಲ್ಲಿಯೇ ಕನ್ನಡ ನಾಡಿನ ಜಾತ್ರೆಗಳಿಗೆ ‘ಮೈಕ್‌ಸೆಟ್’ ಎಂಬ ಹೊಸ ಅತಿಥಿಯ ಆಗಮನವೂ ಆಗುತ್ತಿತ್ತು. ಕಂಪನಿ ನಾಟಕದ ಡೇರೆಯಲ್ಲಿ, ಕೊನೆಯ ಸಾಲಿನ ನೆಲದ ಗಿರಾಕಿಗೂ ಕೇಳುವಂತೆ ಎದೆ ಬಿರಿಯ ಹಾಡಬೇಕಾಗಿದ್ದ ನಟನಿಗೆ ಮೈಕು ಬಂದುದು ಸಣ್ಣ ಸಂಗತಿಯಲ್ಲ. ಆ ಮೈಕಿನ ಹಿಂದೆ ಬೂದುಬಣ್ಣದ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕೆಂಡದ ಎಳೆಯಂತೆ ಮಿನುಗುವ ನಾಲ್ಕಾರು ಗಾಜಿನ ಕೊಳವೆಗಳು. ಮೈಕ್‌ಸೆಟ್ಟಿನವರು ಅವನ್ನು ‘ವಾಲ್ವ್’ ಎನ್ನುತ್ತಿದ್ದರು. ಶಾಸ್ತ್ರದ ಮಾತಿನಲ್ಲಿ ಅವು ನಿರ್ವಾತ ನಳಿಗೆಗಳು.

ಜಾತ್ರೆಗಳಿಂದ ಆ ಕೊಳವೆಗಳು ಮರೆಯಾಗಿ ಬಹುಕಾಲವಾಯಿತು. ಆದರೆ ಲೋಕದಿಂದ ಮರೆಯಾಗಿಲ್ಲ. ಸೋಜಿಗವೆಂದರೆ, ವಿದ್ಯುತ್ ಗಿಟಾರ್ ನುಡಿಸುವವರು ಇಂದಿಗೂ ಅವನ್ನು ಬಿಡಲೊಲ್ಲರು. ಬೆಂಗಳೂರಿನ ಸಂಗೀತ ವೇದಿಕೆಯ ಮೇಲಿರಲಿ, ಲಂಡನ್ನಿನ ಸಭಾಂಗಣದಲ್ಲಿರಲಿ, ಗಿಟಾರಿನ ಹಿಂದಿನ ಪೆಟ್ಟಿಗೆಯೊಳಗೆ ಅದೇ ಕೆಂಡದ ಎಳೆ ಇಂದಿಗೂ ಮಿನುಗುವುದುಂಟು. ಆ ಕೊಳವೆಯ ದನಿಯನ್ನೂ ಆಯುಸ್ಸನ್ನೂ ನಿರ್ಧರಿಸುವ ಒಂದು ಸಣ್ಣ ಸಂಗತಿಯಿದೆ. ಅದರ ಹೆಸರು ‘ಬಯಾಸ್’.

ಕೊಳವೆಯೊಳಗಿನ ವ್ಯಾಪಾರ

ಬಯಾಸ್ ಎಂಬ ಇಂಗ್ಲಿಷ್ ಮಾತಿಗೆ ವಾಲುವಿಕೆ, ಪಕ್ಷಪಾತ ಎಂಬ ಅರ್ಥಗಳುಂಟು. ಇಲ್ಲಿ ಅದರ ಕೆಲಸ ನೋಡಿದರೆ ಕನ್ನಡದಲ್ಲಿ ‘ಕಡಿವಾಣ’ವೆಂಬ ಹೆಸರೇ ಹೆಚ್ಚು ಒಪ್ಪುತ್ತದೆ. ಏಕೆಂಬುದನ್ನು ಅರಿಯಲು ಕೊಳವೆಯೊಳಕ್ಕೆ ಒಮ್ಮೆ ಇಣುಕಿ ನೋಡಬೇಕು.

ಗಾಳಿಯನ್ನೆಲ್ಲ ಹೊರಗೆಳೆದು ಮುಚ್ಚಿದ ಗಾಜಿನ ಕೊಳವೆ. ಅದರ ನಟ್ಟನಡುವೆ ಕ್ಯಾಥೋಡ್ ಎಂಬ ಕಡ್ಡಿ. ಅದು ಚೆನ್ನಾಗಿ ಕಾದಾಗ, ಕುದಿಯುವ ನೀರಿನಿಂದ ಆವಿಯೇಳುವಂತೆ, ಅದರ ಮೈಯಿಂದ ಎಲೆಕ್ಟ್ರಾನ್ ಕಣಗಳು ಏಳುತ್ತವೆ. ಹೊರಸುತ್ತಿನಲ್ಲಿ ಲೋಹದ ಫಲಕ. ಅದಕ್ಕೆ ನಾಲ್ಕುನೂರು, ನಾಲ್ಕುನೂರೈವತ್ತು ವೋಲ್ಟಿನ ಧನ ವಿದ್ಯುತ್ತು. ಎಲೆಕ್ಟ್ರಾನುಗಳು ಋಣ ಕಣಗಳಾದ್ದರಿಂದ ಆ ಫಲಕದ ಸೆಳೆತಕ್ಕೆ ಸಿಕ್ಕಿ ಅತ್ತ ಧಾವಿಸುತ್ತವೆ. ಇಷ್ಟನ್ನೇ ಬಳಸಿ 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಮೊದಲ ವಾಲ್ವನ್ನು ರಚಿಸಿದನು. ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುವುದು ಅದರ ಕೆಲಸವಾಗಿತ್ತು. ದನಿಯನ್ನು ದೊಡ್ಡದು ಮಾಡುವ ಶಕ್ತಿ ಅದಕ್ಕಿರಲಿಲ್ಲ.

ಎರಡು ವರ್ಷಗಳ ತರುವಾಯ ಅಮೆರಿಕದ ಲೀ ಡಿ ಫಾರೆಸ್ಟ್ ಕ್ಯಾಥೋಡಿಗೂ ಫಲಕಕ್ಕೂ ನಡುವೆ ‘ಗ್ರಿಡ್’ ಎಂಬ ತಂತಿಯ ಜಾಲರಿಯೊಂದನ್ನು ತಂದಿರಿಸಿದನು. ಆ ಒಂದು ಜಾಲರಿಯೇ ರೇಡಿಯೋ ಯುಗದ ಹೆಬ್ಬಾಗಿಲನ್ನು ತೆರೆಯಿತೆಂದರೆ ಅತಿಶಯೋಕ್ತಿಯಾಗದು. ಜಾಲರಿಗೆ ಸ್ವಲ್ಪ ಋಣ ವಿದ್ಯುತ್ತನ್ನು ಕೊಟ್ಟರೆ ಅದು ಎಲೆಕ್ಟ್ರಾನುಗಳನ್ನು ಹಿಂದಕ್ಕೆ ನೂಕುತ್ತದೆ. ಫಲಕದತ್ತ ಹೊರಟ ಮಹಾಪ್ರವಾಹ ತಗ್ಗುತ್ತದೆ. ಋಣವನ್ನು ಸ್ವಲ್ಪ ಕಡಮೆ ಮಾಡಿದರೆ ಪ್ರವಾಹ ಮತ್ತೆ ಉಕ್ಕುತ್ತದೆ. ಕೆರೆಯ ತೂಬಿನ ಬಾಗಿಲನ್ನು ಬೆರಳಿನಷ್ಟು ಸರಿಸಿದರೆ ಕಾಲುವೆಯ ನೀರೆಲ್ಲ ಏರಿಳಿಯುವಂತೆ, ಜಾಲರಿಯ ಮೇಲಿನ ಅಲ್ಪ ಏರಿಳಿತ ಫಲಕದ ಪ್ರವಾಹದಲ್ಲಿ ಬೃಹತ್ತಾದ ಏರಿಳಿತವಾಗುತ್ತದೆ. ಗಾಯಕನ ಕೊರಳು, ಗಿಟಾರಿನ ತಂತಿ, ಎಲ್ಲವೂ ದೊಡ್ಡದಾಗುವುದು ಈ ಬಗೆಯಲ್ಲಿ.

ಇಲ್ಲಿ ಒಂದು ಪ್ರಶ್ನೆ. ಹಾಡು ನಿಂತಾಗ, ಗಿಟಾರ್ ಸುಮ್ಮನಿದ್ದಾಗ, ತೂಬಿನ ಬಾಗಿಲು ಎಷ್ಟು ತೆರೆದಿರಬೇಕು? ಆ ನೆಲೆಯನ್ನು ನಿಗದಿ ಮಾಡುವ ಋಣ ವಿದ್ಯುತ್ತೇ ಬಯಾಸ್. ಅದು ತಾನಾಗಿ ಯಾವ ದನಿಯನ್ನೂ ಹೊರಡಿಸದು. ಆದರೆ ಎಲ್ಲ ದನಿಗೂ ಅದೇ ಆಧಾರ.

ಎರಡು ತಪ್ಪುಗಳು

ಕಡಿವಾಣ ಸಡಿಲವಾದರೆ, ಅಂದರೆ ಜಾಲರಿಯ ಋಣ ವಿದ್ಯುತ್ತು ಸಾಲದಾದರೆ, ಏನೂ ನುಡಿಸದಿರುವಾಗಲೂ ಕೊಳವೆಯಲ್ಲಿ ಅತಿಯಾದ ಪ್ರವಾಹ ಹರಿಯುತ್ತದೆ. ಧಾವಿಸಿ ಬಂದ ಎಲೆಕ್ಟ್ರಾನುಗಳು ಫಲಕಕ್ಕೆ ಬಡಿದು ಬಡಿದು ಅದನ್ನು ಕಾಯಿಸುತ್ತವೆ. ಮೊದಲು ನಸುಗೆಂಪು, ಆಮೇಲೆ ಕಾಯಿಸಿದ ಕಬ್ಬಿಣದಂಥ ಕೆಂಪು. ಕೊಳವೆಯ ನಡುವಿನ ಕಿತ್ತಳೆ ಬಣ್ಣದ ಮಿನುಗು ಸಹಜವಾದುದು. ಹೊರಗಿನ ಬೂದು ಫಲಕವೇ ಕೆಂಪಗಾಯಿತೆಂದರೆ ಮಾತ್ರ ಒಡನೆಯೇ ವಿದ್ಯುತ್ತನ್ನು ಆರಿಸಬೇಕು. ತಡಮಾಡಿದರೆ ಕೊಳವೆ ಕೆಡುವುದು; ಅದರೊಡನೆ ಬೆಲೆಬಾಳುವ ಟ್ರಾನ್ಸ್‌ಫಾರ್ಮರ್ ಕೂಡ ಸುಟ್ಟುಹೋಗಬಹುದು.

ಕಡಿವಾಣ ಅತಿಯಾಗಿ ಬಿಗಿದರೆ ಕೇಡು ಬೇರೆ ರೀತಿಯದು. ದೊಡ್ಡ ಆಂಪ್ಲಿಫೈಯರುಗಳಲ್ಲಿ ಸಾಮಾನ್ಯವಾಗಿ ಎರಡು ಕೊಳವೆಗಳು ಜೋಡಿಯಾಗಿ ದುಡಿಯುತ್ತವೆ. ದನಿಯ ಅಲೆಯ ಮೇಲರ್ಧ ಒಂದರ ಪಾಲು, ಕೆಳಗಿನರ್ಧ ಇನ್ನೊಂದರದು. ಮರ ಕೊಯ್ಯುವ ದೊಡ್ಡ ಗರಗಸವನ್ನು ಆಚೆಗೊಬ್ಬ ಈಚೆಗೊಬ್ಬ ನಿಂತು ಎಳೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಒಬ್ಬನು ಎಳೆತ ಮುಗಿಸುವ ಮೊದಲೇ ಇನ್ನೊಬ್ಬನ ಕೈ ಬಿಗಿಯಾಗಿರಬೇಕು. ಇಲ್ಲವಾದರೆ ಗರಗಸ ನಡುವೆ ಒಂದು ಕ್ಷಣ ತಡವರಿಸುತ್ತದೆ. ಬಯಾಸ್ ಅತಿಯಾಗಿ ಋಣವಾದಾಗ ಆಗುವುದು ಇದೇ. ಒಂದು ಕೊಳವೆ ಮಲಗಿದ ಮೇಲೆ ಇನ್ನೊಂದು ಏಳುವುದಕ್ಕೆ ತಡವಾಗಿ ದನಿಯ ಅಲೆ ನಡುವೆ ಮುರಿಯುತ್ತದೆ. ಗಟ್ಟಿಯಾಗಿ ನುಡಿಸಿದಾಗ ಈ ಒಡಕು ಮರೆಯಾದೀತು. ಮೆಲ್ಲನೆಯ ಸ್ವರದಲ್ಲಿ ಮಾತ್ರ ಅದು ಅಡಗದು. ನಾದ ತೆಳ್ಳಗಾಗಿ, ಒಣಗಿ, ಬಿಕ್ಕುವಂತೆ ಕೇಳುತ್ತದೆ. ಕೊಳವೆಯ ಆಯುಸ್ಸೇನೋ ಉಳಿಯಿತು. ಆದರೆ ಜೀವವಿಲ್ಲದ ಆ ದನಿಯಿಂದ ಯಾರಿಗೆ ಪ್ರಯೋಜನ?

ರೇಡಿಯೋ ದುರಸ್ತಿಯವನ ಕೈಗುಣ

ಗಿಟಾರಿಗೂ ಕೊಳವೆಗೂ ಗಂಟು ಬಿದ್ದ ಕಥೆ ನಮ್ಮ ಮೈಕ್‌ಸೆಟ್ಟಿನವರ ಕಥೆಯನ್ನೇ ಹೋಲುವಂಥದು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ ಎಂಬಾತ ರೇಡಿಯೋ ದುರಸ್ತಿಯ ಅಂಗಡಿಯಿಟ್ಟಿದ್ದನು. ಸಭೆ ಸಮಾರಂಭಗಳಿಗೆ ಧ್ವನಿವರ್ಧಕಗಳನ್ನು ತಾನೇ ಕಟ್ಟಿ ಬಾಡಿಗೆಗೆ ಕೊಡುವುದೂ ಅವನ ಕಸುಬು. ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವೆಂಬುದು ಒಂದು ವಿನೋದ. ಆದರೂ ಸಂಗೀತಗಾರರ ಬೇಡಿಕೆಯನ್ನು ಕಿವಿಗೊಟ್ಟು ಕೇಳಿ, 1946ರಿಂದ ತನ್ನ ಹೆಸರಿನ ಕಂಪನಿಯಲ್ಲಿ ಅವನು ತಯಾರಿಸಿದ ಆಂಪ್ಲಿಫೈಯರುಗಳು ಜಗತ್ಪ್ರಸಿದ್ಧವಾದವು. ಅವುಗಳಲ್ಲೊಂದಾದ ‘ಬಾಸ್‌ಮನ್’ ಅನ್ನು ಮಾದರಿಯಾಗಿಟ್ಟುಕೊಂಡು ಲಂಡನ್ನಿನ ವಾದ್ಯಗಳ ವ್ಯಾಪಾರಿ ಜಿಮ್ ಮಾರ್ಷಲ್ 1960ರ ದಶಕದ ಆರಂಭದಲ್ಲಿ ತನ್ನದೇ ಯಂತ್ರವನ್ನು ಹೊರತಂದನು. ಬೀಟಲ್ಸ್ ತಂಡದವರು ಬಳಸಿದ ‘ವಾಕ್ಸ್ ಎಸಿ 30’ ಎಂಬ ಪೆಟ್ಟಿಗೆಯಲ್ಲಿದ್ದುದು ನಾಲ್ಕು ಇಎಲ್ 84 ಕೊಳವೆಗಳು.

ಅದೇ ಜಾತಿಯ ಕೊಳವೆ ಕನ್ನಡ ನೆಲದಲ್ಲಿಯೂ ತಯಾರಾಗುತ್ತಿತ್ತೆಂಬುದನ್ನು ಇಂದು ಬಲ್ಲವರು ವಿರಳ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಕೈಗೊಂಡಿತು. ವಿಧಿಯ ವಿನೋದವೋ ಎಂಬಂತೆ, ಮರುವರ್ಷವೇ, ಅಂದರೆ 1962ರಲ್ಲಿ, ಕೊಳವೆಯನ್ನು ಮೂಲೆಗೆ ತಳ್ಳಲಿದ್ದ ಜರ್ಮೇನಿಯಂ ಅರೆವಾಹಕಗಳೂ ಅದೇ ಕಾರ್ಖಾನೆಯಲ್ಲಿ ಹುಟ್ಟತೊಡಗಿದವು. ಅಣ್ಣನ ತೊಟ್ಟಿಲು ಇನ್ನೂ ತೂಗುತ್ತಿರುವಾಗಲೇ ಎದುರಾಳಿಯಾದ ತಮ್ಮನ ಜನನ! ಟ್ರಾನ್ಸಿಸ್ಟರ್ ಅಗ್ಗ, ಹಗುರ. ಕಾಯಿಸಬೇಕಾದ ತಂತಿಯಿಲ್ಲ, ಒಡೆಯುವ ಗಾಜಿಲ್ಲ. ಮೈಕ್‌ಸೆಟ್ಟಿನವರು ಅದನ್ನು ಅಪ್ಪಿಕೊಂಡುದು ನ್ಯಾಯವೇ. ಆದರೂ ಬೆಂಗಳೂರಿನ ಆ ಹಳೆಯ ಕೊಳವೆಗಳನ್ನು ಹುಡುಕಿ ಕೊಳ್ಳುವ ಗಿಟಾರ್ ವಾದಕರು ಇಂದಿಗೂ ಹೊರದೇಶಗಳಲ್ಲಿದ್ದಾರೆ. ಹೊಸ ಕೊಳವೆಗಳನ್ನು ಈಗ ರಷ್ಯಾ, ಸ್ಲೊವಾಕಿಯಾ, ಚೀನಗಳಂಥ ಕೆಲವೇ ದೇಶಗಳು ತಯಾರಿಸುತ್ತವೆ.

ಗಿಟಾರಿನವರ ಈ ಮೋಹಕ್ಕೆ ಕಾರಣವಿಲ್ಲದಿಲ್ಲ. ಶಕ್ತಿ ಮೀರಿ ದುಡಿಸಿದಾಗ ಟ್ರಾನ್ಸಿಸ್ಟರ್ ದನಿಯ ಅಲೆಯ ನೆತ್ತಿಯನ್ನು ಕತ್ತಿಯಿಂದ ಸವರಿದಂತೆ ಕತ್ತರಿಸುತ್ತದೆ; ಕಿವಿಗೆ ಅದು ಕರ್ಕಶ. ಕೊಳವೆಯಾದರೋ ಮೆಲ್ಲಮೆಲ್ಲನೆ ಬಾಗುತ್ತದೆ, ಅಲೆಯ ನೆತ್ತಿಯನ್ನು ದುಂಡಗೆ ಮಾಡುತ್ತದೆ. ಆ ಒರಟಿನಲ್ಲಿಯೂ ಒಂದು ಇಂಪು ಕೂಡಿಕೊಳ್ಳುತ್ತದೆ. ಮೈಕ್‌ಸೆಟ್ಟಿನವನಿಗೆ ದೋಷವಾಗಿ ಕಂಡದ್ದು ಗಿಟಾರಿನವನಿಗೆ ಗುಣವಾಯಿತು.

ಮೊದಲು ಎಚ್ಚರಿಕೆ, ಆಮೇಲೆ ಅಳತೆ

ಬಯಾಸನ್ನು ಪರೀಕ್ಷಿಸುವ ಕ್ರಮ ತಿಳಿಯಬೇಕಾದದ್ದೇ. ಅದಕ್ಕೂ ಮೊದಲು ಒಂದು ಮಾತು. ಈ ಪೆಟ್ಟಿಗೆಯೊಳಗಿನ 450 ವೋಲ್ಟ್ ಪ್ರಾಣಾಂತಕವಾದುದು. ಗೋಡೆಯ ಪ್ಲಗ್ಗನ್ನು ಕಿತ್ತ ಮಾತ್ರಕ್ಕೆ ಅದು ತೊಲಗದು. ಒಳಗಿರುವ ಕೆಪಾಸಿಟರುಗಳು, ಮಳೆ ನಿಂತರೂ ನೀರು ಬಿಡದ ಹೊಂಡಗಳಂತೆ, ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಆರಿಸಿದ ಪೆಟ್ಟಿಗೆಯೂ ಕೊಲ್ಲಬಲ್ಲುದು. ಆದ್ದರಿಂದ ಪಳಗಿದ ಕೆಲಸಗಾರನು ಒಳಗೆ ಕೈಯಿಡುವ ಮುನ್ನ ತಕ್ಕ ರೆಸಿಸ್ಟರಿನ ಮೂಲಕ ಅವನ್ನು ಬರಿದು ಮಾಡಿ, ಮೀಟರಿನಿಂದ ಅಳೆದು ನೋಡಿ ಖಚಿತಪಡಿಸಿಕೊಳ್ಳುತ್ತಾನೆ. ಉರಿಯುತ್ತಿರುವ ಪೆಟ್ಟಿಗೆಯನ್ನು ಅಳೆಯುವಾಗ ಒಂದು ಕೈಯನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುತ್ತಾನೆ; ವಿದ್ಯುತ್ತು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹರಿಯಬಾರದೆಂದು. ಕೈಯ ಉಂಗುರ, ಕೊರಳ ಸರ ಮೊದಲೇ ಕಳಚಿರುತ್ತವೆ. ಈ ವಿದ್ಯೆಯನ್ನು ಗುರುಮುಖೇನ ಕಲಿಯದವರು ಪೆಟ್ಟಿಗೆಯನ್ನು ಬಿಚ್ಚದೆ ಬಲ್ಲವರ ಬಳಿಗೆ ಒಯ್ಯುವುದೇ ಲೇಸು.

ಇನ್ನು ಬಲ್ಲವರು ಮಾಡುವುದೇನು? ಮೊಟ್ಟಮೊದಲು ಪೆಟ್ಟಿಗೆಗೆ ಸ್ಪೀಕರನ್ನು ಜೋಡಿಸುತ್ತಾರೆ. ಸ್ಪೀಕರಿಲ್ಲದೆ ದುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅಪಾಯ. ದನಿಯ ಗುಂಡಿಯನ್ನು ಪೂರ್ತಿ ತಗ್ಗಿಸಿ, ಬಯಾಸನ್ನು ಅತಿ ಹೆಚ್ಚು ಋಣದ ಕಡೆಗೆ ತಿರುಗಿಸಿ, ಯಂತ್ರ ಚೆನ್ನಾಗಿ ಕಾಯುವವರೆಗೆ ಬಿಡುತ್ತಾರೆ. ಆಮೇಲೆ ಬೇಕಾದುದು ಎರಡು ಸಂಖ್ಯೆಗಳು: ಫಲಕದ ವೋಲ್ಟ್ ಎಷ್ಟು, ಕೊಳವೆಯಲ್ಲಿ ಹರಿಯುವ ಪ್ರವಾಹ ಎಷ್ಟು.

ಪ್ರವಾಹವನ್ನು ಅಳೆಯಲು ಒಂದು ಜಾಣ ಉಪಾಯವಿದೆ. ಪ್ರತಿ ಕೊಳವೆಯ ಕ್ಯಾಥೋಡಿಗೂ ಪೆಟ್ಟಿಗೆಯ ತಗಡಿಗೂ ನಡುವೆ ಒಂದೇ ಓಮಿನ ರೆಸಿಸ್ಟರನ್ನು ಬೆಸೆದಿರುತ್ತಾರೆ. ಓಮನ ನಿಯಮದಂತೆ ಅದರ ಎರಡು ತುದಿಗಳ ನಡುವೆ ಎಷ್ಟು ಮಿಲಿವೋಲ್ಟ್ ಇದೆಯೋ ಅಷ್ಟೇ ಮಿಲಿಆಂಪಿಯರ್ ಪ್ರವಾಹ. ಅಪಾಯದ ಫಲಕವನ್ನು ಮುಟ್ಟದೆಯೇ ಪ್ರವಾಹ ತಿಳಿಯಿತು. ಎರಡು ಸಂಖ್ಯೆಗಳನ್ನು ಗುಣಿಸಿದರೆ ಫಲಕ ಸುಮ್ಮನಿದ್ದಾಗ ತಾಳಿಕೊಳ್ಳುತ್ತಿರುವ ಶಾಖ ವಾಟುಗಳಲ್ಲಿ ದೊರೆಯುತ್ತದೆ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಮಾರ್ಷಲ್ ಯಂತ್ರಗಳಲ್ಲಿ ಹೆಸರಾದ ಇಎಲ್ 34 ಕೊಳವೆಯ ಫಲಕ ತಾಳಬಲ್ಲ ಗರಿಷ್ಠ ಮಿತಿ 25 ವಾಟ್. ಜೋಡಿಯಾಗಿ ದುಡಿಯುವ ಕೊಳವೆಗಳನ್ನು ಸುಮ್ಮನಿರುವಾಗ ಅದರ ಶೇಕಡಾ 70ಕ್ಕಿಂತ ಮೇಲೆ ಕಾಯಿಸಬಾರದೆಂಬುದು ಕೆಲಸಗಾರರ ರೂಢಿ. ಅಂದರೆ ಹದಿನೇಳೂವರೆ ವಾಟ್. ಫಲಕದಲ್ಲಿ 450 ವೋಲ್ಟ್ ಇದ್ದರೆ, 17.5ನ್ನು 450ರಿಂದ ಭಾಗಿಸಿದಾಗ ಬರುವುದು ಸುಮಾರು 39 ಮಿಲಿಆಂಪಿಯರ್. ಮೀಟರು 52 ತೋರಿಸುತ್ತಿದ್ದರೆ ಕಡಿವಾಣ ಸಡಿಲವಾಗಿದೆ. ಬಯಾಸಿನ ಗುಂಡಿಯನ್ನು ನಿಧಾನವಾಗಿ ಹೆಚ್ಚು ಋಣದತ್ತ ತಿರುಗಿಸಬೇಕು. 15 ತೋರಿಸಿದರೆ ಬಿಗಿ ಹೆಚ್ಚಾಯಿತು, ಕೊಂಚ ಸಡಿಲಿಸಬೇಕು.

ಅಷ್ಟಕ್ಕೇ ಮುಗಿಯದು. ಪ್ರವಾಹ ತಗ್ಗಿದೊಡನೆ ಫಲಕದ ವೋಲ್ಟ್ ಏರುತ್ತದೆ. 450 ಇದ್ದುದು 460 ಆಯಿತೆನ್ನಿ. ಆಗ ಮಿತಿ 38ಕ್ಕೆ ಇಳಿಯಿತು. ಆದ್ದರಿಂದ ಒಮ್ಮೆ ತಿರುಗಿಸಿ, ಎರಡನ್ನೂ ಮತ್ತೆ ಅಳೆದು, ಮತ್ತೆ ಗುಣಿಸಿ ನೋಡಬೇಕು. ಕಾಲು ಗಂಟೆ ಕಾದು ಇನ್ನೊಮ್ಮೆ ನೋಡಬೇಕು. ಕ್ಯಾಥೋಡಿನ ಅಳತೆಯಲ್ಲಿ ಎರಡನೆಯ ಜಾಲರಿಯ ಪಾಲೂ ಕೆಲವು ಮಿಲಿಆಂಪಿಯರ್ ಸೇರಿರುತ್ತದೆ. ಅದನ್ನು ಕಳೆಯದೆ ಬಿಟ್ಟರೆ ತಪ್ಪು ಸುರಕ್ಷಿತವಾದ ಕಡೆಗೇ ಆಗುತ್ತದೆ. ಶೇಕಡಾ 70 ಎಂಬುದು ಮೇಲಿನ ಗಡಿಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ಅದಕ್ಕಿಂತ ಕೆಳಗೆ ದನಿ ತುಂಬಿಕೊಂಡು ಕೇಳುವ ನೆಲೆ ಸಿಕ್ಕರೆ ಅಲ್ಲಿಯೇ ನಿಲ್ಲುವುದು ಜಾಣತನ. ಕೊನೆಯ ತೀರ್ಪು ಕಿವಿಯದು.

ಎಲ್ಲ ಪೆಟ್ಟಿಗೆಗಳಿಗೂ ಈ ಗುಂಡಿಯಿರುವುದಿಲ್ಲ. ‘ಎಸಿ 30’ರಂಥವುಗಳಲ್ಲಿ ಕ್ಯಾಥೋಡಿಗೆ ಸೇರಿದ ದೊಡ್ಡ ರೆಸಿಸ್ಟರೊಂದು ತಾನಾಗಿಯೇ ಕಡಿವಾಣ ಹಿಡಿಯುತ್ತದೆ. ಪ್ರವಾಹ ಹೆಚ್ಚಿದರೆ ಬಿಗಿ ಹೆಚ್ಚುತ್ತದೆ, ತಗ್ಗಿದರೆ ಸಡಿಲುತ್ತದೆ. ಹಳೆಯ ಸಣ್ಣ ಮೈಕ್‌ಸೆಟ್ಟುಗಳಲ್ಲಿಯೂ ಅನೇಕವು ಈ ಜಾತಿಯವೇ. ಇವುಗಳಲ್ಲಿ ಅಳೆದು ನೋಡುವ ಕೆಲಸ ಉಂಟು, ತಿರುಗಿಸುವ ಕೆಲಸವಿಲ್ಲ.

ಅಟ್ಟದ ಮೇಲಿನ ಪೆಟ್ಟಿಗೆ

ಕೊಟ್ಟೂರಿನಂಥ ಊರುಗಳ ಯಾವುದಾದರೂ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಮೈಕ್‌ಸೆಟ್ ಇನ್ನೂ ಮಲಗಿದ್ದರೆ ಆಶ್ಚರ್ಯವಿಲ್ಲ. ಗಿಟಾರ್ ಕಲಿಯುತ್ತಿರುವ ಮೊಮ್ಮಗನಿಗೆ ಅದನ್ನು ಎಬ್ಬಿಸುವ ಆಸೆ ಹುಟ್ಟುವುದೂ ಸಹಜವೇ. ಆದರೆ ದಶಕಗಳ ಕಾಲ ಮಲಗಿದ ಪೆಟ್ಟಿಗೆಯನ್ನು ಧೂಳು ಒರೆಸಿ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವುದು ಅದನ್ನು ಕೊಂದಂತೆ. ಕೊಳವೆಗಳು ಗಟ್ಟಿಮುಟ್ಟಾಗಿದ್ದರೂ ಅವಕ್ಕೆ ಕಡಿವಾಣ ಹಿಡಿಯುವ ಕೆಪಾಸಿಟರುಗಳು ಒಣಗಿ ಬಲಗುಂದಿರುತ್ತವೆ. ಬಯಾಸನ್ನು ಒದಗಿಸುವ ಕೆಪಾಸಿಟರ್ ಕೆಟ್ಟರೆ ಋಣ ವಿದ್ಯುತ್ತು ಕುಗ್ಗುತ್ತದೆ. ಹಿಂದಿನ ಹಂತದಿಂದ ದನಿಯನ್ನು ತರುವ ಕೆಪಾಸಿಟರ್ ಸೋರತೊಡಗಿದರೆ ಧನ ವಿದ್ಯುತ್ತು ಜಾಲರಿಯ ಮೇಲೆ ನುಸುಳಿ ಕಡಿವಾಣವನ್ನೇ ಕಳಚುತ್ತದೆ. ಫಲಕ ಕೆಂಪಾದಾಗ ಜನ ದೂರುವುದು ಕೊಳವೆಯನ್ನು. ಅಪರಾಧಿ ಬೆರಳುದ್ದದ ಬೇರೊಂದು ವಸ್ತು. ಹೊಸ ಕೊಳವೆ ಹಾಕಿದರೂ ಅದೇ ಗತಿಯಾದಾಗ ಮಾತ್ರ ಸತ್ಯ ಹೊರಬೀಳುತ್ತದೆ, ಹಣ ಕಳೆದ ಮೇಲೆ.

ಹಳ್ಳಿಯ ಕಡೆಯ ಇನ್ನೊಂದು ತೊಡಕು ವಿದ್ಯುತ್ತಿನದು. ಸುತ್ತಲ ಹೊಲಗಳಲ್ಲಿ ಪಂಪ್‌ಸೆಟ್ಟುಗಳು ನಡೆಯುವಾಗ ತಗ್ಗುವ ವೋಲ್ಟೇಜು ಅವು ನಿಂತ ಮೇಲೆ ಏರುತ್ತದೆ. ಅದರೊಡನೆ ಫಲಕದ ವೋಲ್ಟೂ ಪ್ರವಾಹವೂ ಬದಲಾಗುತ್ತವೆ. ತಗ್ಗಿದ ವೇಳೆಯಲ್ಲಿ ಗಡಿಯವರೆಗೂ ಸಡಿಲಿಸಿದ ಬಯಾಸ್ ನಡುರಾತ್ರಿಯಲ್ಲಿ ಕೊಳವೆಯನ್ನು ಸುಡಬಹುದು. ವೋಲ್ಟೇಜು ಏರಿರುವ ಹೊತ್ತಿನಲ್ಲಿಯೇ ಅಳೆದು ಹೊಂದಿಸುವುದು ಕ್ಷೇಮಕರ.

ತೇರನ್ನು ಎಳೆಯುವುದನ್ನು ಕಂಡವರೆಲ್ಲರೂ ಒಂದು ಸಂಗತಿಯನ್ನು ಗಮನಿಸಿರಬಹುದು. ಮಿಣಿಯನ್ನು ಹಿಡಿದು ಜಗ್ಗುವ ಸಾವಿರಾರು ಜನ ಎಲ್ಲರಿಗೂ ಕಾಣುತ್ತಾರೆ. ಗಾಲಿಯ ಪಕ್ಕದಲ್ಲಿ ಬಗ್ಗಿ ನಡೆಯುತ್ತ, ಸಮಯವರಿತು ಅಡಿಗೆ ಮರದ ತುಂಡನ್ನು ಕೊಡುವ ಒಬ್ಬಿಬ್ಬರು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ತೇರನ್ನು ಎಳೆಯುವವರಲ್ಲ, ತಡೆಯುವವರು. ಅತಿಯಾಗಿ ತಡೆದರೆ ತೇರು ನಿಂತೇಬಿಡುತ್ತದೆ. ತಡೆಯದೆ ಬಿಟ್ಟರೆ ಜನರ ಮೇಲೆಯೇ ಹರಿಯುತ್ತದೆ. ಅವರು ಹದವರಿತು ತಡೆದುದರಿಂದಲೇ ಅದು ಗಂಭೀರವಾಗಿ ನಡೆದು ಪಾದಗಟ್ಟೆಯನ್ನು ಮುಟ್ಟುತ್ತದೆ.

ಗಾಜಿನ ಕೊಳವೆಯೊಳಗಿನ ಆ ಅಲ್ಪ ಋಣ ವಿದ್ಯುತ್ತಿನ ಕೆಲಸವೂ ಇಷ್ಟೇ. ಹಾಡಿನ ಕೀರ್ತಿ ಕೊರಳಿಗೆ, ಗಿಟಾರಿನ ಕೀರ್ತಿ ಬೆರಳಿಗೆ ಸಲ್ಲಲಿ. ಪೆಟ್ಟಿಗೆಯ ಹಿಂದೆ ಕುಳಿತು ಮೀಟರಿನ ಮೇಲೆ ಕಣ್ಣಿಟ್ಟು, ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವವನ ಹೆಸರನ್ನು ಯಾರೂ ಮೈಕಿನಲ್ಲಿ ಕೂಗುವುದಿಲ್ಲ. ಮೆಲ್ಲನೆಯ ಸ್ವರವೊಂದು ಒಡೆಯದೆ ಕೊನೆಯ ಸಾಲಿನವರೆಗೆ ತಲುಪಿದರೆ ಅವನ ಕೆಲಸ ಸಾರ್ಥಕವಾಯಿತು.